ಸತ್ಯಂ ಕೇಸು: ಕಂಪನಿ ಮೇಲೆ ದಾವೆ ಹಾಕಿದ್ರೆ ದುಡ್ಡು ಯಾರ ಜೇಬಿಂದ ಹೋಗತ್ತೆ?

ಅಮೆರಿಕದಲ್ಲೂ ಲಿಸ್ಟ್ ಆಗಿರೋ ನಮ್ಮ ಕಡೆ ಕಂಪನಿ ಒಂದರ ಶೇರು ಒಂದೇ ದಿನ ದಬಕ್ ಅಂತ ಬಿತ್ತು ಅಂದ್ಕೊಳ್ಳಿ, ಎರಡು ದಿನದೊಳಗೆ ಅಲ್ಲಿನ ಲಾ ಫರ್ಮ್‌ಗಳು ಸಾಲಾಗಿ ಪ್ರೆಸ್ ನೋಟ್ ಬಿಡ್ತವೆ, ಈ ಶೇರಲ್ಲಿ ದುಡ್ಡು ಕಳ್ಕೊಂಡಿದ್ರೆ ನಮ್ಮನ್ನ ಕಾಂಟ್ಯಾಕ್ಟ್ ಮಾಡಿ ಅಂತ. 2019ರ ಅಕ್ಟೋಬರ್‌ನಲ್ಲಿ ನಮ್ಮ ಇನ್ಫೋಸಿಸ್‌ಗೂ ಹಾಗೇ ಆಗಿತ್ತು, ಯಾರೋ ಒಳಗಿನವ್ರು ಬರೆದ ಪತ್ರ ಹೊರಗೆ ಬಂತು, ಶೇರು ಒಂದೇ ದಿನಕ್ಕೆ 16 ಪರ್ಸೆಂಟ್ ಹೋಯ್ತು, ಆ ವಾರಾನೇ ನ್ಯೂಯಾರ್ಕಲ್ಲಿ ಕಂಪನಿ ಮೇಲೂ ಅದರ ದೊಡ್ಡೋರ ಮೇಲೂ ಕ್ಲಾಸ್ ಆಕ್ಷನ್, ಅಂದ್ರೆ ನಷ್ಟ ಆದ ಎಲ್ರ ಪರವಾಗಿ ಒಟ್ಟಿಗೆ ಹಾಕೋ ದಾವೆ, ಬಿತ್ತು. ಆಮೇಲೆ ಕಂಪನಿ ಆಡಿಟ್ ಕಮಿಟಿ ತನಿಖೆ ಮಾಡ್ಸಿ ಆರೋಪಕ್ಕೆ ಪುರಾವೆ ಇಲ್ಲ ಅಂತು, ಅಮೆರಿಕದ ಶೇರು ಮಾರ್ಕೆಟ್ ನಿಯಂತ್ರಕ ಎಸ್‌ಇಸಿನೂ ತನಿಖೆ ಮುಗಿಸ್ತು, ಕೇಸ್ ಹಾಕಿದವ್ರೇ 2020ರಲ್ಲಿ ವಾಪಸ್ ತಗೊಂಡ್ರು. ಅಲ್ಲಿಗೆ ಆ ಕತೆ ಮುಗೀತು.

ಮೊನ್ನೆ ನಮ್ಮ ಅಕ್ಕನ ಮಗ ಇಂಥದ್ದೇ ಯಾವ್ದೋ ನೋಟಿಸ್ ವಾಟ್ಸಾಪಲ್ಲಿ ಕಳ್ಸಿ "ಮಾಮ, ನನ್ನ ಡಿಮ್ಯಾಟಲ್ಲೂ ಆ ಶೇರು ಇದೆ, ಕ್ಲೇಮ್ ಹಾಕ್ಲಾ?" ಅಂದ. ಆಗಲ್ಲ ಕಣೋ ಅಂದೆ. ಯಾಕಾಗಲ್ಲ ಅಂದ. ಫೋನಲ್ಲಿ ಹೇಳಿ ಮುಗಿಯೋ ವಿಷ್ಯ ಅಲ್ಲ, ಸತ್ಯಂ ಕೇಸ್ ಪೂರ್ತಿ ಹೇಳ್ಬೇಕಾಗತ್ತೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

2009ರಲ್ಲಿ ಸ್ಕೂಲಲ್ಲಿದ್ದವ್ರಿಗೆ ಸ್ವಲ್ಪ ಹಿನ್ನೆಲೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್, 1987ರಲ್ಲಿ ಶುರುವಾಗಿದ್ದು, ಟಿಸಿಎಸ್ ಇನ್ಫೋಸಿಸ್ ವಿಪ್ರೋ ಆದ್ಮೇಲೆ ನಾಲ್ಕನೇ ಹೆಸರು ಹೇಳಿ ಅಂದ್ರೆ ಜನ ಇದನ್ನೇ ಹೇಳ್ತಿದ್ರು. ಐವತ್ತು ಸಾವಿರಕ್ಕೂ ಹೆಚ್ಚು ಜನ ಕೆಲ್ಸಕ್ಕಿದ್ರು, ಬೆಂಗಳೂರಲ್ಲೂ ಆಫೀಸಿತ್ತು, ನಮ್ಮ ಬ್ಯಾಚಿನ ಇಂಜಿನಿಯರಿಂಗ್ ಹುಡುಗ್ರು ಎಷ್ಟೋ ಜನ ಅಲ್ಲಿಗೇ ಕ್ಯಾಂಪಸಲ್ಲಿ ಸೆಲೆಕ್ಟ್ ಆಗಿದ್ರು. ಶೇರು ಬಾಂಬೆ, ಎನ್‌ಎಸ್‌ಇ ಎರಡರಲ್ಲೂ ಇತ್ತು, 2001ರಿಂದ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜಲ್ಲೂ ಎಡಿಎಸ್ ರೂಪದಲ್ಲಿ ಓಡ್ತಿತ್ತು, ಅಂದ್ರೆ ಇಲ್ಲಿನ ಶೇರಿನ ಬದ್ಲು ಅಲ್ಲಿ ಡಾಲರಲ್ಲಿ ಕೊಂಡು ಮಾರೋ ಪತ್ರ, ಇಲ್ಲಿನ ಎರಡು ಶೇರು ಸೇರಿ ಅಲ್ಲಿ ಒಂದು ಎಡಿಎಸ್. ಈ ನ್ಯೂಯಾರ್ಕ್ ವಿಷ್ಯ ನೆನಪಿಟ್ಕೊಳ್ಳಿ, ಮುಂದೆ ಎಲ್ಲಾ ಇದರ ಮೇಲೇ ನಿಂತಿದೆ.

2008ರ ಡಿಸೆಂಬರ್ 16ಕ್ಕೆ ಬೋರ್ಡು ಒಂದು ನಿರ್ಧಾರ ತಗೊಳ್ತು, ಚೇರ್ಮನ್ ರಾಮಲಿಂಗ ರಾಜು ಅವರ ಮಕ್ಕಳು ನಡೆಸ್ತಿದ್ದ ಮೇಟಾಸ್ ಪ್ರಾಪರ್ಟೀಸು, ಮೇಟಾಸ್ ಇನ್‌ಫ್ರಾ ಎರಡನ್ನೂ 1.6 ಬಿಲಿಯನ್ ಡಾಲರ್ ಕೊಟ್ಟು ಕೊಳ್ಳೋದು ಅಂತ. ಸಾಫ್ಟ್‌ವೇರ್ ಕಂಪನಿಗೆ ಸೈಟು ಅಪಾರ್ಟ್‌ಮೆಂಟು ಯಾಕೆ ಸ್ವಾಮಿ ಅಂತ ಹೂಡಿಕೆದಾರರು ಗಲಾಟೆ ಎಬ್ಸಿದ್ರು, ನ್ಯೂಯಾರ್ಕಲ್ಲಿ ಎಡಿಎಸ್ ಅರ್ಧಕ್ಕಿಂತ ಕೆಳಗೆ ಬಿತ್ತು, ಗಂಟೆಗಳಲ್ಲೇ ಡೀಲ್ ಕ್ಯಾನ್ಸಲ್ ಆಯ್ತು. ಅದಾಗಿ ಮೂರು ವಾರಕ್ಕೆ, 2009ರ ಜನವರಿ 7ಕ್ಕೆ, ರಾಜು ಬೋರ್ಡಿಗೆ ಪತ್ರ ಬರೆದು ಕಾಪಿನ ನಮ್ಮ ಶೇರು ಮಾರ್ಕೆಟ್ ನಿಯಂತ್ರಕ ಸೆಬಿಗೂ ಎಕ್ಸ್‌ಚೇಂಜಿಗೂ ಕಳ್ಸಿದ್ರು. ಕಾರ್ಪೊರೇಟ್ ಪತ್ರಗಳಲ್ಲಿ ಇಷ್ಟು ನೇರವಾಗಿ ಲೆಕ್ಕ ಕೊಟ್ಟಿರೋದನ್ನ ನಾನು ಬೇರೆಲ್ಲೂ ಓದಿಲ್ಲ. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಬ್ಯಾಲೆನ್ಸ್ 5361 ಕೋಟಿ ಅಂತಿದೆ, ಅದ್ರಲ್ಲಿ 5040 ಕೋಟಿ ಇಲ್ವೇ ಇಲ್ಲ. ಆ ಇಲ್ಲದ ದುಡ್ಡಿಗೆ ಬಂದಿದೆ ಅಂತ ತೋರ್ಸಿದ ಬಡ್ಡಿ 376 ಕೋಟಿ, ಅದೂ ಇಲ್ಲ. ಗಿರಾಕಿಗಳಿಂದ ಬರಬೇಕಾದ ಬಾಕಿಯಲ್ಲಿ 490 ಕೋಟಿ ಜಾಸ್ತಿ ತೋರ್ಸಿದೆ. ಕೊಡಬೇಕಾದ ಸಾಲ 1230 ಕೋಟಿ ಪುಸ್ತಕದಲ್ಲೇ ಇಲ್ಲ. ಸೆಪ್ಟೆಂಬರ್ ಕ್ವಾರ್ಟರಿಗೆ ಆಪರೇಟಿಂಗ್ ಮಾರ್ಜಿನ್ 649 ಕೋಟಿ ಅಂತ ಹೇಳಿದ್ವಿ, ನಿಜಕ್ಕೂ ಇದ್ದದ್ದು 61 ಕೋಟಿ. ಹುಲಿ ಮೇಲೆ ಸವಾರಿ ಮಾಡಿದ ಹಾಗಿತ್ತು, ತಿನ್ನಿಸ್ಕೊಳ್ದೆ ಇಳಿಯೋದು ಹೇಗೆ ಅಂತ ಗೊತ್ತಿರ್ಲಿಲ್ಲ ಅಂತ ಬೇರೆ ಬರ್ಕೊಂಡ್ರು. ಅವತ್ತು ಬೆಳಿಗ್ಗೆ 180ರ ಆಸುಪಾಸಲ್ಲಿದ್ದ ಶೇರು ಸಂಜೆಗೆ 40.

ನನಗೆ ಈ ಕೇಸಲ್ಲಿ ಇವತ್ತಿಗೂ ತಲೆ ಕೆಡಿಸೋದು ಬ್ಯಾಂಕ್ ಬ್ಯಾಲೆನ್ಸ್ ವಿಷ್ಯ. ಬಾಕಿ ಎಲ್ಲಾ ಬಿಡಿ, ಗೋಡೌನಲ್ಲಿರೋ ಸರಕು, ಕಂಪನಿ ಹೆಸರಿಗೆ ಕಟ್ಟೋ ಬೆಲೆ (ಗುಡ್‌ವಿಲ್ಲು) ಇವೆಲ್ಲ ಅಂದಾಜಿನ ಮಾತು, ಆದ್ರೆ ಬ್ಯಾಂಕಲ್ಲಿರೋ ದುಡ್ಡು ಇದ್ರೆ ಇದೆ ಇಲ್ದಿದ್ರೆ ಇಲ್ಲ. ನಾನು ಆರ್ಟಿಕಲ್‌ಶಿಪ್ (ಸಿಎ ಟ್ರೈನಿಂಗ್) ಮಾಡ್ತಿದ್ದ ಆಡಿಟ್ ಆಫೀಸಲ್ಲಿ ಮಾರ್ಚ್ ಮುಗಿದ ತಕ್ಷಣ ಹುಡುಗ್ರಿಗೆ ಕೊಡ್ತಿದ್ದ ಮೊದ್ಲ ಕೆಲ್ಸಾನೇ ಇದು, ಕ್ಲೈಂಟ್ ಲೆಟರ್‌ಹೆಡ್ಡಲ್ಲಿ ಬ್ಯಾಲೆನ್ಸ್ ಕನ್ಫರ್ಮೇಶನ್ ಲೆಟರ್, ಅಂದ್ರೆ ಇವ್ರ ಖಾತೇಲಿ ಎಷ್ಟಿದೆ ತಿಳ್ಸಿ ಅಂತ ಬ್ಯಾಂಕಿಗೆ ಬರೆಯೋ ಪತ್ರ, ರೆಡಿ ಮಾಡ್ಸಿ, ಸಹಿ ಸೀಲು ಹಾಕ್ಸಿ, ಕವರಿಗೆ ನಾವೇ ಹಾಕಿ, ಗೋಂದು ಹಚ್ಚಿ, ನಾವೇ ಪೋಸ್ಟ್ ಡಬ್ಬಕ್ಕೆ ಹಾಕಿ ಬರೋದು, ಉತ್ತರಾನೂ ನೇರ ನಮ್ಮ ಆಫೀಸ್ ಅಡ್ರೆಸ್ಸಿಗೇ ಬರ್ಬೇಕು. ಕ್ಲೈಂಟ್ ಕಡೆ ಅಕೌಂಟೆಂಟು "ನಾನು ಹೇಗೂ ಬ್ಯಾಂಕಿಗೆ ಹೊರಟಿದ್ದೀನಿ, ಕೊಡಿ ಸಾರ್, ಸೈನ್ ಹಾಕ್ಸಿ ತಂದ್ಬಿಡ್ತೀನಿ" ಅಂತ ಎಷ್ಟು ಪ್ರೀತಿಯಿಂದ ಕೇಳಿದ್ರೂ ನಮ್ಮ ಸೀನಿಯರ್ ಬಿಡ್ತಿರ್ಲಿಲ್ಲ, ಬೇಡ ಅವ್ರ ಕೈಗೆ ಹೋಗೋದು ಬೇಡ ಅಷ್ಟೇ ಅಂತಿದ್ರು. ಸತ್ಯಂನಲ್ಲಿ ಆಗಿದ್ದು ಸರಿಯಾಗಿ ಇದರ ಉಲ್ಟಾ. ಆಡಿಟರು ಪ್ರೈಸ್ ವಾಟರ್‌ಹೌಸ್, ಈ ಕನ್ಫರ್ಮೇಶನ್ ಕಳ್ಸೋದು ತರ್ಸೋದು ಎರಡನ್ನೂ ಕಂಪನಿ ಕೈಗೇ ಬಿಟ್ಟಿದ್ರು ಅಂತ ಆಮೇಲೆ ಎಸ್‌ಇಸಿ ತನ್ನ ಆರ್ಡರಲ್ಲಿ ಹೇಳ್ತು. ಎಫ್‌ಡಿ ರಸೀದಿಗಳೇ ನಕಲಿ. ಇನ್ವಾಯ್ಸ್ ಸಾಫ್ಟ್‌ವೇರಲ್ಲಿ ಸೂಪರ್ ಯೂಸರ್ ಅನ್ನೋ ಲಾಗಿನ್ ಇಟ್ಕೊಂಡು ನಕಲಿ ಇನ್ವಾಯ್ಸಿಗೆ ಎಚ್ ಅಂತ ಗುರುತು, ಅಸಲಿಗೆ ಎಸ್ ಅಂತ ಗುರುತು, ಎಚ್ ಅಂತ ಇರೋದು ಪ್ರಾಜೆಕ್ಟ್ ಮಾಡೋವ್ರ ಕಣ್ಣಿಗೆ ಬೀಳಲ್ಲ, ಆದ್ರೆ ಆದಾಯದ ಲೆಕ್ಕದಲ್ಲಿ ಕೂಡ್ಕೊಳ್ಳತ್ತೆ. ಅಂಥವು 7561 ಇದ್ವು ಅಂತ ಸಿಬಿಐ ಲೆಕ್ಕ ಹಾಕ್ತು. ಇಷ್ಟೆಲ್ಲ ಕಷ್ಟ ಪಟ್ಟು ಕೂತು ಮಾಡೋ ಬದ್ಲು ನಿಜವಾದ ಪ್ರಾಜೆಕ್ಟೇ ತರಬಹುದಿತ್ತಲ್ಲ ಅನ್ಸತ್ತೆ.

ಸರಿ, ಈಗ ದಾವೆಗಳ ಕಡೆ ಬರೋಣ.

ಪತ್ರ ಹೊರಗೆ ಬಿದ್ದ ಒಂದೆರಡು ದಿನದಲ್ಲೇ ನ್ಯೂಯಾರ್ಕಿನ ಫೆಡರಲ್ ಕೋರ್ಟಲ್ಲಿ ಕ್ಲಾಸ್ ಆಕ್ಷನ್‌ಗಳು ಬಂದು ಬಿದ್ವು. ಕಂಪನಿ, ರಾಜು, ಅವರ ತಮ್ಮ ರಾಮ ರಾಜು, ಸಿಎಫ್ಒ (ಹಣಕಾಸು ಮುಖ್ಯಸ್ಥ), ಆಡಿಟರು, ಕೊನೆಗೆ ಬೋರ್ಡಲ್ಲಿದ್ದ ಹೊರಗಿನವ್ರು, ಅಂದ್ರೆ ಇಂಡಿಪೆಂಡೆಂಟ್ ಡೈರೆಕ್ಟರ್‌ಗಳು ಎಲ್ರೂ ಪ್ರತಿವಾದಿಗಳಾದ್ರು. ಡೈರೆಕ್ಟರ್‌ಗಳ ಪಟ್ಟಿ ನೋಡಿದ್ರೆ ಗಾಬರಿ ಆಗತ್ತೆ, ಹಾರ್ವರ್ಡ್ ಪ್ರೊಫೆಸರ್ರು, ಪೆಂಟಿಯಂ ಚಿಪ್‌ಗೆ ಹೆಸರಾದ ವಿನೋದ್ ಧಾಮ್, ಹೈದರಾಬಾದಿನ ಬಿಸಿನೆಸ್ ಸ್ಕೂಲ್ ಐಎಸ್‌ಬಿ ಡೀನು, ಕೇಂದ್ರದಲ್ಲಿ ಕ್ಯಾಬಿನೆಟ್ ಸೆಕ್ರೆಟರಿ ಆಗಿದ್ದವ್ರು. ಇವ್ರ ಮೇಲಿನ ದಾವೆನ ಅಮೆರಿಕದ ಕೋರ್ಟು 2013ರಲ್ಲಿ ವಜಾ ಮಾಡ್ತು. ಒಳಗಿನವ್ರು ಇವ್ರಿಗೂ ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ರು ಅನ್ನೋ ಕಡೆಗೇ ವಾದ ವಾಲಿತ್ತು. ಕಾನೂನಿನ ಪ್ರಕಾರ ಅದು ಸರಿ ಇರಬಹುದು, ನನಗೇನೋ ಸಮಾಧಾನ ಇಲ್ಲ, ಮೇಟಾಸ್ ಡೀಲಿಗೆ ಬೋರ್ಡ್ ಮೀಟಿಂಗಲ್ಲಿ ಒಪ್ಪಿಗೆ ಕೊಟ್ಟವ್ರು ಇವ್ರೇ ತಾನೆ.

ಮುಖ್ಯ ಕೇಸು ತೀರ್ಪಿನ ತನಕ ಹೋಗ್ಲೇ ಇಲ್ಲ, ಇಂಥವು ಸಾಮಾನ್ಯವಾಗಿ ಹೋಗೋದೂ ಇಲ್ಲ. 2011ರಲ್ಲಿ ಕಂಪನಿ 125 ಮಿಲಿಯನ್ ಡಾಲರಿಗೆ, ಆಗಿನ ಲೆಕ್ಕಕ್ಕೆ ಸುಮಾರು 570 ಕೋಟಿ ರೂಪಾಯಿಗೆ, ರಾಜಿ ಮಾಡ್ಕೊಳ್ತು. ಆಡಿಟರ್ ಕಡೆಯವ್ರು 25.5 ಮಿಲಿಯನ್. ಅದೇ ವರ್ಷ ಎಸ್‌ಇಸಿಗೆ ಕಂಪನಿ 10 ಮಿಲಿಯನ್ ದಂಡ, ಆಡಿಟರ್ ಫರ್ಮ್‌ಗಳು 6 ಮಿಲಿಯನ್. ಲಂಡನ್ನಲ್ಲಿ ಅಬರ್ದೀನ್ ಫಂಡಿನವ್ರು ಬೇರೆ ಕೇಸ್ ಹಾಕಿದ್ರು, ಅವ್ರಿಗೆ 2012ರಲ್ಲಿ ಸುಮಾರು 68 ಮಿಲಿಯನ್. ಈ ಹಗರಣಕ್ಕೆ ಮುಂಚೆಯಿಂದ ಪೇಟೆಂಟ್ ವಿಷ್ಯಕ್ಕೆ ಕಚ್ಚಾಡ್ತಿದ್ದ ಅಪೇಡ್ ಅನ್ನೋ ಕಂಪನಿಗೆ 70 ಮಿಲಿಯನ್. ಕಂಪನಿ ಒಂದೇ ಕೊಟ್ಟಿದ್ದು ಕೂಡಿಸಿದ್ರೆ 273 ಮಿಲಿಯನ್ ಡಾಲರ್ ಆಯ್ತು, ವಕೀಲರ ಫೀಸು ಬೇರೆ.

ಈಗ ನೋಡಿ, ಇದನ್ನ ಕೊಟ್ಟಿದ್ದು ಯಾರು? ರಾಜು ಅಲ್ಲ. 2009ರ ಜನವರಿಯಲ್ಲೇ ಕೇಂದ್ರ ಸರ್ಕಾರ ಹಳೇ ಬೋರ್ಡನ್ನ ಕಿತ್ತು ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್ ಅಂಥವ್ರನ್ನ ತಂದು ಕೂರ್ಸಿತ್ತು, ಏಪ್ರಿಲ್‌ನಲ್ಲಿ ಹರಾಜಾಯ್ತು, ಎಲ್ ಅಂಡ್ ಟಿ 45.90 ಹೇಳ್ತು, ಟೆಕ್ ಮಹೀಂದ್ರಾ ಶೇರಿಗೆ 58 ರೂಪಾಯಿ ಹೇಳಿ 31 ಪರ್ಸೆಂಟ್ ತಗೊಳ್ತು. ಅಂದ್ರೆ 2011ರಲ್ಲಿ ಚೆಕ್ ಬರೆದಾಗ ಆ ಕಂಪನಿ ಮಾಲೀಕರು ಯಾರು, ಮಹೀಂದ್ರಾದವ್ರು, ಮತ್ತೆ ಅಷ್ಟೆಲ್ಲ ಆದ್ರೂ ಶೇರು ಮಾರ್ದೆ ಇಟ್ಕೊಂಡಿದ್ದ ಇಲ್ಲಿನ ಸಣ್ಣಪುಟ್ಟ ಶೇರುದಾರರು, ಮೈಸೂರಲ್ಲೋ ದಾವಣಗೆರೆಯಲ್ಲೋ ರಿಟೈರ್ ಆದ ಮೇಷ್ಟ್ರೋ ಬ್ಯಾಂಕ್ ನೌಕರ್ರೋ. ಅವ್ರಿಗೆ ಅಮೆರಿಕದ ಕ್ಲಾಸಲ್ಲಿ ಜಾಗ ಇಲ್ಲ, ಯಾಕಂದ್ರೆ ಅವ್ರು ಕೊಂಡಿದ್ದು ಇಲ್ಲಿನ ಎಕ್ಸ್‌ಚೇಂಜಲ್ಲಿ, ಇರೋದೂ ಇಲ್ಲೇ. ಆದ್ರೆ ಅಮೆರಿಕದವ್ರಿಗೆ ಕೊಟ್ಟ ದುಡ್ಡಿನಲ್ಲಿ ಇವ್ರ ಪಾಲೂ ಇತ್ತು. ಒಂದೇ ಮೋಸಕ್ಕೆ ಸಿಕ್ಕಿದ ಇಬ್ಬರಲ್ಲಿ ಒಬ್ಬರ ಜೇಬಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟಂಗಾಯ್ತು, ಮಧ್ಯದಲ್ಲಿ ವಕೀಲರು ಅವ್ರ ಪರ್ಸೆಂಟೇಜ್ ತಗೊಂಡ್ರು. ಕಂಪನಿ ಮೇಲೆ ಕೇಸ್ ಬಿತ್ತು, ದಂಡ ಬಿತ್ತು ಅಂತ ಪೇಪರಲ್ಲಿ ಓದಿ ಸರಿಯಾಗ್ ಆಯ್ತು ಬಿಡಿ ಅನ್ನೋವ್ರು ಈ ಕಡೆ ಸ್ವಲ್ಪ ಯೋಚ್ನೆ ಮಾಡ್ಬೇಕು. ಕಂಪನಿ ಅನ್ನೋದು ಪಬ್ಲಿಕ್ ಲಿಮಿಟೆಡ್, ಅದರ ದುಡ್ಡು ಶೇರುದಾರರದ್ದೇ.

ಅಕ್ಕನ ಮಗನಿಗೆ ಆಗಲ್ಲ ಅಂದಿದ್ದೂ ಇದಕ್ಕೇ. 2010ರ ಜೂನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಾರಿಸನ್ ಅನ್ನೋ ಕೇಸಲ್ಲಿ, ಅದು ಆಸ್ಟ್ರೇಲಿಯಾ ಬ್ಯಾಂಕ್ ಒಂದರ ವಿಷ್ಯ, ನಮ್ಮ ಸೆಕ್ಯುರಿಟೀಸ್ ಕಾನೂನು ನಮ್ಮ ಎಕ್ಸ್‌ಚೇಂಜಲ್ಲಿ ಅಥವಾ ನಮ್ಮ ನೆಲದಲ್ಲಿ ಆದ ವ್ಯಾಪಾರಕ್ಕೆ ಮಾತ್ರ ಅಂತ ಹೇಳ್ಬಿಡ್ತು. ಅಲ್ಲಿಂದೀಚೆಗೆ ಎಡಿಎಸ್ ಅಥವಾ ಎಡಿಆರ್ (ಎರಡೂ ಹೆಚ್ಚು ಕಮ್ಮಿ ಒಂದೇ) ಇದ್ದವ್ರಿಗೆ ಬಾಗಿಲು ತೆಗೆದಿದೆ, ಝೀರೋಧಾದಲ್ಲೋ ಬ್ಯಾಂಕಿನ ಡಿಮ್ಯಾಟಲ್ಲೋ ಎನ್‌ಎಸ್‌ಇ ಶೇರು ಇಟ್ಕೊಂಡಿರೋವ್ರಿಗೆ ಮುಚ್ಚಿದೆ. ನ್ಯೂಜೆರ್ಸಿಯಲ್ಲಿರೋ ನಿಮ್ಮ ಅಣ್ಣ ಅಲ್ಲಿನ ಬ್ರೋಕರ್ ಅಕೌಂಟಲ್ಲಿ ಅದೇ ಕಂಪನಿ ಎಡಿಆರ್ ಕೊಂಡಿದ್ರೆ ಅವ್ನಿಗೆ ಕ್ಲೇಮ್ ಫಾರಂ ಬರಬಹುದು, ನಿಮಗೆ ಬರಲ್ಲ. ಹೊಟ್ಟೆ ಉರಿಯತ್ತೆ, ಆದ್ರೆ ಇರೋದು ಹಾಗೇ.

ಇಲ್ಲಿ ಕೇಸ್ ಹಾಕ್ಲಿಲ್ವಾ ಅಂದ್ರೆ ಹಾಕಿದ್ರು. ಮಿಡಾಸ್ ಟಚ್ ಅನ್ನೋ ಹೂಡಿಕೆದಾರರ ಸಂಘದವ್ರು 2009ರಲ್ಲೇ ಸಣ್ಣ ಶೇರುದಾರರ ಪರ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದ್ರು, ಸಾವಿರಾರು ಕೋಟಿ ಪರಿಹಾರ ಕೇಳಿದ್ರು. ಆಯೋಗ ಇದು ನಮ್ಮ ಹತ್ರ ಆಗಲ್ಲ ಅಂತು, ಸುಪ್ರೀಂ ಕೋರ್ಟೂ ಎತ್ತಿ ಹಿಡೀಲಿಲ್ಲ. ಆಗಿನ ಕಂಪನಿ ಕಾಯ್ದೆಯಲ್ಲಿ ಶೇರುದಾರರೆಲ್ಲ ಒಟ್ಟಾಗಿ ಪರಿಹಾರಕ್ಕೆ ಕ್ಲಾಸ್ ಆಕ್ಷನ್ ಹಾಕೋ ದಾರೀನೇ ಇರ್ಲಿಲ್ಲ.

ಹಂಗಾದ್ರೆ ಮಾಡಿದವ್ರಿಗೆ ಏನಾಯ್ತು. ಕ್ರಿಮಿನಲ್ ಕೇಸಲ್ಲಿ ರಾಜು ಪತ್ರ ಬರೆದ ಎರಡೇ ದಿನಕ್ಕೆ ಅರೆಸ್ಟ್ ಆದ್ರು, ಚಂಚಲಗೂಡ ಜೈಲು, ಬೇಲು, ಸುಪ್ರೀಂ ಕೋರ್ಟಲ್ಲಿ ಬೇಲ್ ಕ್ಯಾನ್ಸಲ್ಲು, ಮತ್ತೆ ಜೈಲು, 2011ರ ನವೆಂಬರಲ್ಲಿ ಮತ್ತೆ ಬೇಲು. ಎರಡೂವರೆ ವರ್ಷಕ್ಕೂ ಹೆಚ್ಚು ವಿಚಾರಣಾಧೀನ ಕೈದಿಯಾಗೇ ಕಳೆದ್ರು. ಹೈದರಾಬಾದಿನ ವಿಶೇಷ ಕೋರ್ಟಲ್ಲಿ ಇನ್ನೂರಕ್ಕೂ ಹೆಚ್ಚು ಸಾಕ್ಷಿಗಳು, ಮೂರು ಸಾವಿರಕ್ಕೂ ಹೆಚ್ಚು ದಾಖಲೆ. 2015ರ ಏಪ್ರಿಲ್ 9ಕ್ಕೆ ತೀರ್ಪು, ಅಣ್ಣ ತಮ್ಮ, ಸಿಎಫ್ಒ, ಇಬ್ಬರು ಆಡಿಟರು ಸೇರಿ ಹತ್ತು ಜನಾನೂ ತಪ್ಪಿತಸ್ಥರು, ಏಳು ವರ್ಷ ಕಠಿಣ ಸಜೆ, ರಾಜುಗೆ ಐದು ಕೋಟಿ ಮೇಲೆ ದಂಡ. ಮೇ 11ಕ್ಕೆ ಸೆಷನ್ಸ್ ಕೋರ್ಟು ಸಜೆ ಅಮಾನತು ಮಾಡಿ ಬೇಲ್ ಕೊಡ್ತು. ತೀರ್ಪು ಬಂದಿದ್ದಕ್ಕೂ ಹೊರಗೆ ಬಂದಿದ್ದಕ್ಕೂ ಮಧ್ಯೆ ಒಂದು ತಿಂಗಳು ಚಿಲ್ರೆ.

ಸೆಬಿ ದಾರಿ ಬೇರೆ. 2014ರ ಜುಲೈಲಿ ರಾಜು ಮತ್ತೆ ನಾಲ್ಕು ಜನಕ್ಕೆ ಮಾರ್ಕೆಟ್ಟಿಗೆ 14 ವರ್ಷ ಕಾಲಿಡಬೇಡಿ, ಅಕ್ರಮ ಲಾಭ 1849 ಕೋಟಿನ 12 ಪರ್ಸೆಂಟ್ ಬಡ್ಡಿ ಸಮೇತ ವಾಪಸ್ ಕಟ್ಟಿ ಅಂತು. ಅವ್ರು ಸೆಬಿ ಆರ್ಡರ್ ಮೇಲೆ ಮೇಲ್ಮನವಿ ಕೇಳೋ ಟ್ರಿಬ್ಯುನಲ್ ಸ್ಯಾಟ್‌ಗೆ ಹೋದ್ರು, ಸ್ಯಾಟು ಲೆಕ್ಕ ಮತ್ತೆ ಮಾಡಿ ಅಂತ ವಾಪಸ್ ಕಳ್ಸ್ತು, 2018ರಲ್ಲಿ ಮೊತ್ತ 813 ಕೋಟಿ ಆಯ್ತು, ಮತ್ತೆ ಸ್ಯಾಟು, ಮತ್ತೆ ವಾಪಸ್ಸು, 2023ರ ನವೆಂಬರಲ್ಲಿ 624 ಕೋಟಿ. ಪ್ರತಿ ಸಲ ಫೈಲು ಮೇಲೆ ಹೋಗಿ ಬಂದಾಗ ಮೊತ್ತ ಇಳೀತಾ ಬಂದಿದೆ, ಬಡ್ಡಿ ಓಡ್ತಾ ಇದೆ. ಆಡಿಟರ್ ಮೇಲೂ ಸೆಬಿ 2018ರ ಜನವರಿಲಿ ಲಿಸ್ಟೆಡ್ ಕಂಪನಿಗಳ ಆಡಿಟ್ ಎರಡು ವರ್ಷ ಮಾಡ್ಬೇಡಿ ಅಂತ ಬ್ಯಾನ್ ಹಾಕಿತ್ತು, ಅದನ್ನೂ 2019ರಲ್ಲಿ ಸ್ಯಾಟು ತೆಗೆದು ಹಾಕ್ತು, ಆಡಿಟರ್‌ಗಳನ್ನ ಶಿಸ್ತಿಗೆ ತರೋದು ಸೆಬಿ ಕೆಲ್ಸ ಅಲ್ಲ, ಅದಕ್ಕೆ ಸಿಎಗಳ ಸಂಸ್ಥೆ ಐಸಿಎಐ ಇದೆ ಅಂತ. ಆಡಿಟ್ ಫೀಸು 13 ಕೋಟಿ ಚಿಲ್ರೆ ವಾಪಸ್ ಕಟ್ಟೋದು ಮಾತ್ರ ಉಳೀತು.

ಹಾಗೆ ಕಟ್ಟಿಸ್ಕೊಂಡ ದುಡ್ಡು ಶೇರುದಾರರಿಗೆ ಬರತ್ತಾ ಅಂದ್ರೆ, ಸಾಮಾನ್ಯವಾಗಿ ಇಲ್ಲ, ಅದು ಸೆಬಿಯ ಹೂಡಿಕೆದಾರರ ರಕ್ಷಣೆ ಮತ್ತು ಶಿಕ್ಷಣ ನಿಧಿಗೆ ಹೋಗತ್ತೆ. ಯಾರ್ಯಾರಿಗೆ ಎಷ್ಟು ನಷ್ಟ ಅಂತ ಲೆಕ್ಕ ಹಾಕೋಕಾದಾಗ ಹಂಚಿದ್ದೂ ಇದೆ, 2003ರಿಂದ 2005ರ ಐಪಿಒ ಹಗರಣದ ದುಡ್ಡನ್ನ ಶೇರು ಸಿಗದೆ ವಂಚಿತರಾದ ಅರ್ಜಿದಾರರಿಗೆ 2010ರಲ್ಲಿ ಹಂಚಿದ್ರು. ತಲೆಗೆ ಸಿಕ್ಕಿದ್ದು ಪುಡಿಗಾಸು, ಆದ್ರೂ ಸಿಕ್ತಲ್ಲ.

ಸತ್ಯಂ ಶೇರುದಾರನಿಗೆ ಕೊನೆಗೆ ಏನಾದ್ರೂ ಸಿಕ್ಕಿದೆ ಅಂದ್ರೆ ಅದು ಕೋರ್ಟಿಂದ ಅಲ್ಲ. 2013ರಲ್ಲಿ ಕಂಪನಿ ಟೆಕ್ ಮಹೀಂದ್ರಾ ಜೊತೆ ವಿಲೀನ ಆದಾಗ 17 ಸತ್ಯಂ ಶೇರಿಗೆ 2 ಟೆಕ್ ಮಹೀಂದ್ರಾ ಶೇರು ಕೊಟ್ರು. 2015ರಲ್ಲಿ ಒಂದಕ್ಕೊಂದು ಬೋನಸ್ಸು, ಜೊತೆಗೆ 10 ರೂಪಾಯಿ ಮುಖಬೆಲೆದು 5 ಆಯ್ತು, ಅಲ್ಲಿಗೆ ಆ ಎರಡು ಎಂಟಾಯ್ತು. ಇಟ್ಕೊಂಡವ್ರು ಬಚಾವ್, ಜನವರಿ 7ಕ್ಕೆ ಹೆದರಿ 40ಕ್ಕೆ ಮಾರಿದವ್ರು ಹೋದ್ರು, ಅವ್ರಿಗೆ ಯಾರೂ ಏನೂ ಕೊಡ್ಲಿಲ್ಲ. ಮೋಸ ಆದ ನಷ್ಟ ನಿಜಕ್ಕೂ ಅವ್ರದ್ದೇ, ಕಾನೂನು ಪೂರ್ತಿ ಮರ್ತಿದ್ದೂ ಅವ್ರನ್ನೇ. ಸರ್ಕಾರ ಬೋರ್ಡ್ ಬದಲಾಯಿಸೋಕೆ ತಗೊಂಡ ಆ ಕೆಲವೇ ದಿನಗಳು ಇವೆಯಲ್ಲ, ನನ್ನ ಪ್ರಕಾರ ಹದಿನೈದು ವರ್ಷದ ದಾವೆಗಳೆಲ್ಲ ಸೇರಿ ಮಾಡಿದ್ದಕ್ಕಿಂತ ಹೆಚ್ಚು ಕೆಲ್ಸ ಆವಾಗ ಆಯ್ತು, ಗಿರಾಕಿಗಳು ಓಡಿಹೋಗ್ಲಿಲ್ಲ, ಸಂಬಳ ನಿಲ್ಲಲಿಲ್ಲ.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅನ್ನೋ ಹಾಗೆ 2013ರ ಕಂಪನಿ ಕಾಯ್ದೆಯಲ್ಲಿ 245ನೇ ಸೆಕ್ಷನ್ ಬಂತು, ಜಾರಿಯಾಗಿದ್ದು 2016ರ ಜೂನ್ 1ರಿಂದ. ಈಗ ನೂರು ಶೇರುದಾರರು ಒಟ್ಟಾದ್ರೆ, ಅಥವಾ ಲಿಸ್ಟೆಡ್ ಕಂಪನಿಯಲ್ಲಿ 2 ಪರ್ಸೆಂಟ್ ಶೇರು ಇದ್ದೋರು ಸೇರಿದ್ರೆ, ಕಂಪನಿ ವ್ಯಾಜ್ಯಗಳ ಟ್ರಿಬ್ಯುನಲ್ ಎನ್‌ಸಿಎಲ್‌ಟಿಗೆ ಹೋಗಿ ಕಂಪನಿ, ಡೈರೆಕ್ಟರು, ಆಡಿಟರ್ ಫರ್ಮ್ ಎಲ್ರ ಹತ್ರಾನೂ ಪರಿಹಾರ ಕೇಳಬಹುದು. ಬ್ಯಾಂಕ್‌ಗಳಿಗೆ ಮಾತ್ರ ಈ ಸೆಕ್ಷನ್ ಅನ್ವಯಿಸಲ್ಲ, ಅಂದ್ರೆ ನಮ್ಮಲ್ಲಿ ಅತಿ ಹೆಚ್ಚು ಜನ ಕೊಳ್ಳೋ ಶೇರುಗಳೇ ಹೊರಗೆ. ಇನ್ನೊಂದು ತೊಡಕಿದೆ, ಅಮೆರಿಕದಲ್ಲಿ ವಕೀಲರು ಗೆದ್ರೆ ಪರ್ಸೆಂಟೇಜ್, ಸೋತ್ರೆ ಏನಿಲ್ಲ ಅಂತ ಒಪ್ಕೊಂಡು ತಾವೇ ಕೈಯಿಂದ ಖರ್ಚು ಹಾಕ್ತಾರೆ, ಆ ನೋಟಿಸ್‌ಗಳ ಹಿಂದಿರೋ ಉತ್ಸಾಹ ಎಲ್ಲಾ ಅದೇ. ಇಲ್ಲಿ ಬಾರ್ ಕೌನ್ಸಿಲ್ ನಿಯಮದಲ್ಲಿ ವಕೀಲರು ಹಾಗೆ ಪಾಲು ತಗೊಳ್ಳೋ ಹಾಗಿಲ್ಲ. ಹಾಗಾಗಿ ಮೊದ್ಲು ದುಡ್ಡು ಹಾಕೋವ್ರು ಯಾರು ಅನ್ನೋದೇ ಪ್ರಶ್ನೆ, ಐವತ್ತು ಸಾವಿರ ಕಳ್ಕೊಂಡವ್ನು ವಕೀಲರಿಗೆ ಲಕ್ಷ ಕೊಡ್ತಾನಾ?

ಸೆಕ್ಷನ್ ಬಂದು ಎಷ್ಟೋ ವರ್ಷ ಅದು ಪುಸ್ತಕದಲ್ಲೇ ಕೂತಿತ್ತು, 2024ರಲ್ಲಿ ಜಿಂದಾಲ್ ಪಾಲಿ ಫಿಲ್ಮ್ಸ್‌ನ ಒಂದಷ್ಟು ಸಣ್ಣ ಶೇರುದಾರರು ಅದರ ಕೆಳಗೆ ಎನ್‌ಸಿಎಲ್‌ಟಿಗೆ ಹೋದ್ಮೇಲೆ ಜನಕ್ಕೆ ಇಂಥದ್ದೊಂದು ಇದೆ ಅಂತ ಗೊತ್ತಾಗಿದ್ದು. ಅದ್ರ ಬಗ್ಗೆ ಬೇರೇನೇ ಪೋಸ್ಟ್ ಬರೀಬೇಕು, ಆಡಿಟ್ ಸೀಸನ್ ಮುಗೀಲಿ. ಅಷ್ಟರೊಳಗೆ ಯಾರಾದ್ರೂ ಅಮೆರಿಕದ ಲಾ ಫರ್ಮ್ ನೋಟಿಸ್ ಫಾರ್ವರ್ಡ್ ಮಾಡಿದ್ರೆ, ನಿಮ್ಮ ಹತ್ರ ಇರೋದು ಎಡಿಆರಾ ಇಲ್ಲಿನ ಶೇರಾ ಅಂತ ನೋಡ್ಕೊಳ್ಳಿ, ಇಲ್ಲಿನದಾದ್ರೆ ಪ್ಯಾನು ಆಧಾರು ಏನೂ ಕಳ್ಸೋಕೆ ಹೋಗ್ಬೇಡಿ.